ಏಳಂಕಿಯ ಕೋಡು

ಕಿಸುಮುವಿನಲ್ಲಿ, ಮೀನು ಹುರಿಯುವವರ ಸಾಲು ಮುಗಿದ ಮೇಲೆ
ನನ್ನ ಸೈಬರ್ ಅಂಗಡಿ: ನಾಲ್ಕು ಕಂಪ್ಯೂಟರು, ಮೂರು ನಡೆಯುತ್ತವೆ.
ಕಾಲೇಜಿನ ಅರ್ಜಿ ಹಾಕುವ ವಾರ
ಊರಿನ ಹದಿನೆಂಟರ ಹರೆಯವೆಲ್ಲ ಇಲ್ಲಿಯ ಬೆಂಚಿನ ಮೇಲೆ.
ಕೋರ್ಸಿಗೊಂದು ಕೋಡು, ಏಳಂಕಿಯದು.
ಹೆಸರಿಗೆ ತಕ್ಕ ಹಾಗೆ
ಎದುರು ನಿಂತವರನ್ನೇ ತಿವಿಯುತ್ತದೆ.

ಕೊನೆಯ ರಾತ್ರಿ ಒಂಬತ್ತೂವರೆಗೆ ಬಂದಳು ಅವಿನೋ.
ಜೊತೆಗೆ ಅವಳ ಅವ್ವ, ಬಟ್ಟೆಯಲ್ಲಿ ಒಮೆನಾ ಮೀನಿನ ವಾಸನೆ,
ಕೈಯಲ್ಲಿ ನಾಲ್ಕಾಗಿ ಮಡಿಸಿದ ಚೀಟಿ:
‘ನರ್ಸಿಂಗ್’ ಅಂತ ಒಂದೇ ಪದ, ಅಡಿಗೆ ಮೂರು ಗೀಟು.
“ಖಾನೆ ಆರಿದೆ” ಅಂದೆ.
“ಆರರಲ್ಲೂ ಅದನ್ನೇ ಬರಿ” ಅಂದರು.
ಯಂತ್ರ ಒಪ್ಪಲಿಲ್ಲ.

“ನಿನಗೇನಿಷ್ಟ?” ಈ ಪ್ರಶ್ನೆಗೆ ನಾನು ದುಡ್ಡು ತಗೊಳ್ಳುವುದಿಲ್ಲ,
ಉತ್ತರ ಬರುವವರೆಗೆ ಕೂತರೆ ಮಾತ್ರ ನಿಮಿಷಕ್ಕೊಂದು ಶಿಲಿಂಗು.
ಅವಳು ಉಗುರು ನೋಡಿಕೊಂಡಳು.
ಗಣಿತ ಬರುತ್ತದೆ. ಜೀವಶಾಸ್ತ್ರವೂ. ಕಿಸ್ವಾಹಿಲಿಯಲ್ಲಿ ಇನ್ನೂ ಹೆಚ್ಚು ಅಂಕ.
ಯಾವುದೂ ಬಾ ಅಂತ ಕರೆದಿಲ್ಲ,
ಹೋಗು ಅಂತ ಬೈದೂ ಇಲ್ಲ.

ಆಮೇಲೆ ಅವ್ವನೇ ಹೇಳಿದ್ದು, ದೂರಿನ ದನಿಯಲ್ಲಿ:
ಬೆಳಗಾದರೆ ಸರೋವರದ ದಂಡೆಗೆ ಹೋಗಿ ನಿಲ್ಲುತ್ತಾಳೆ,
ಅಂತರಗಂಗೆಯ ಹಾಸು ಇವತ್ತು ಯಾವ ಕಡೆ ತೇಲುತ್ತದೆ ಅಂತ
ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾಳೆ, ಮೂರು ವರ್ಷದಿಂದ;
ದೋಣಿಯವರು ಇವಳನ್ನು ಕೇಳಿಯೇ ಹಗ್ಗ ಬಿಚ್ಚುವುದು.
“ಅದಕ್ಕೆ ಡಿಗ್ರಿ ಇದೆಯಾ ಮಗಾ?”

ಹುಡುಕಿದೆ. ಮೀನುಗಾರಿಕೆ ಇತ್ತು, ಭೂಗೋಳ ಇತ್ತು, ಸಂಖ್ಯಾಶಾಸ್ತ್ರ ಇತ್ತು,
ಹೋಟೆಲ್ ನಿರ್ವಹಣೆ ತಾನಾಗಿಯೇ ಎರಡು ಸಲ ಬಂತು.
ದಂಡೆಯಲ್ಲಿ ನಿಂತು ನೋಡುವುದು ಇರಲಿಲ್ಲ.

ನನ್ನ ಕಥೆ ಹೇಳಬಾರದಿತ್ತು, ಹೇಳಿದೆ.
ಕಾನೂನಿಗೆಂದು ತುಂಬುತ್ತ ಎಂಟರ ಬದಲು ಮೂರು ಒತ್ತಿದೆ;
ಪತ್ರ ಬಂದಾಗ ಮಣ್ಣುಶಾಸ್ತ್ರ.
ನಾಲ್ಕು ವರ್ಷ ಓದಿದೆ. ಅಪ್ಪನ ಪ್ರಕಾರ, ಮಣ್ಣು ತಿಂದೆ.
ಈಗ ನನಗೆ ಗೊತ್ತು ಈ ಅಂಗಡಿ ಎರೆಮಣ್ಣಿನ ಮೇಲಿದೆ ಅಂತ,
ಬಿಸಿಲಿಗೆ ಗೋಡೆ ಯಾಕೆ ಬಾಯಿ ಬಿಡುತ್ತದೆ ಅಂತ.
ಗೊತ್ತಿದ್ದ ಮಾತ್ರಕ್ಕೆ ಬಿರುಕು ಮುಚ್ಚುವುದಿಲ್ಲ.
ಆದರೂ ಅದರ ಮುಂದೆ ನಿಂತಾಗ
ಬೇರೆಯವರಷ್ಟು ಹೆದರುವುದಿಲ್ಲ.
ಇದು ಲಾಭವೋ ನಷ್ಟವೋ, ಇನ್ನೂ ಕೂಡಿ ನೋಡಿಲ್ಲ.

“ಹಾಗಾದರೆ ತಪ್ಪು ಬರೆದರೂ ನಡೆಯುತ್ತದಾ?” ಅವಿನೋ ಕೇಳಿದಳು.
ಅವ್ವ ನನ್ನನ್ನು ನೋಡಿದ ನೋಟಕ್ಕೆ
ಪ್ರಿಂಟರಿನ ಶಾಯಿ ಒಣಗಬೇಕು.

ಹನ್ನೊಂದು ನಲವತ್ತಕ್ಕೆ ಕರೆಂಟು ಹೋಯಿತು.
ಯುಪಿಎಸ್ ಅರಚತೊಡಗಿತು: ಏಳು ನಿಮಿಷ, ಹೆಚ್ಚೆಂದರೆ ಎಂಟು.
ಪರದೆಯ ಬೆಳಕು ಅವಳ ಗಲ್ಲಕ್ಕಷ್ಟೇ.
ನರ್ಸಿಂಗನ್ನು ಮೊದಲಿಗಿಟ್ಟಳು, ಮೂರಕ್ಕಿಳಿಸಿದಳು, ಮತ್ತೆ ಎತ್ತಿದಳು,
ಹೊಳೆಯ ಅಂಚಿನಲ್ಲಿ ಚಪ್ಪಲಿ ಕೈಗೋ ಕಾಲಿಗೋ ಅಂತ
ತಡವರಿಸುವವಳ ಹಾಗೆ.
ನಾನು ಕುರ್ಚಿ ತಿರುಗಿಸಿ ಕೂತೆ.
ಯಾರಾದರೂ ಬಟ್ಟೆ ಬದಲಿಸುವಾಗ ನೋಡಬಾರದು.
ಕೀಲಿಗಳ ಸದ್ದು ಎಣಿಸಿದೆ: ಏಳು, ಏಳು, ಏಳು;
ಒಂದು ಕಡೆ ಆರಕ್ಕೆ ನಿಂತಿತು.
ತುಂಬ ಹೊತ್ತು.
ಅವ್ವನ ಉಸಿರೂ ಅಲ್ಲೇ ನಿಂತಿರಬೇಕು.
ಆಮೇಲೆ ಏಳನೆಯದು.

ಕರೆಂಟು ಬರುವ ಹೊತ್ತಿಗೆ ಬೆಂಚು ಖಾಲಿ.
ಮೇಜಿನ ಮೇಲೆ ಲೆಕ್ಕಕ್ಕಿಂತ ಕಮ್ಮಿ, ನಲವತ್ತು ಶಿಲಿಂಗು.
ಬೆಳಗ್ಗೆ ಅವ್ವ ಒಬ್ಬರೇ ಬಂದರು, ಉಳಿದ ದುಡ್ಡು ಕೊಟ್ಟು
ಮೆಲ್ಲಗೆ ಕೇಳಿದರು: “ಏನು ಬರೆದಳು?”
ಗೊತ್ತಿಲ್ಲ ಅಂದೆ. ನಂಬಲಿಲ್ಲ.
ತಿದ್ದುಪಡಿಗೆ ಇನ್ನೂ ಹತ್ತು ದಿನವಿದೆ ಅಂತ ಹೇಳಿದೆ.
ಅವರು ಸರೋವರದ ಕಡೆ ನೋಡಿ
“ಇವತ್ತು ದಕ್ಷಿಣಕ್ಕಂತೆ” ಅಂದರು,
ಬುಟ್ಟಿ ಎತ್ತಿಕೊಂಡು ಇನ್ನೊಂದು ದಾರಿ ಹಿಡಿದರು.